ವರ್ಷಕ್ಕೆ 30 ಸಾವಿರ ಕೊಡಬಲ್ಲೆ, 16 ಕೋಟಿಯ ಕಾಯಿಲೆಗೆ ಅದು ಎಲ್ಲಿ ಸಾಲುತ್ತದೆ?

ನೀವು ಕೇಳಿರುವುದು ಇಷ್ಟು: ತೀರಿಕೊಂಡ ತಾಯಿಯ ಹೆಸರಿನಲ್ಲಿ ವರ್ಷಕ್ಕೆ 30 ಸಾವಿರ ರೂಪಾಯಿಯನ್ನು ಅಪರೂಪದ ಕಾಯಿಲೆಯ ಮಕ್ಕಳಿಗಾಗಿ ದುಡಿಯುವ ಸಂಸ್ಥೆಗೆ ಕೊಡಬೇಕೆಂದಿದ್ದೀರಿ. ಅಮೆರಿಕದಲ್ಲಿರುವ ತಮ್ಮನೂ ಕೈಜೋಡಿಸುತ್ತಾರೆ. ಆದರೆ ಒಂದೇ ಚುಚ್ಚುಮದ್ದಿಗೆ 16 ಕೋಟಿ ಬೇಕೆಂಬ ಮನವಿಗಳನ್ನು ನೋಡಿದ ಮೇಲೆ ನಿಮ್ಮ ಹಣ ಯಾವ ಮೂಲೆಗೆ ಎಂಬ ಅನುಮಾನ ಬಂದಿದೆ. ಕೊಟ್ಟರೆ ಚಿಕಿತ್ಸೆಗೋ, ಜಾಗೃತಿಗೋ, ಸಂಶೋಧನೆಗೋ? ಹಣವಲ್ಲದೆ ಬೇರೇನು ಮಾಡಬಹುದು?

ನನ್ನ ಉತ್ತರವನ್ನು ಮೊದಲೇ ಹೇಳುತ್ತೇನೆ. ಹೆಚ್ಚಿನ ಪಾಲನ್ನು ಕಾಯಿಲೆಯನ್ನು ಬೇಗ ಗುರುತಿಸುವ ಕೆಲಸಕ್ಕೆ ಕೊಡಿ, ಅದನ್ನೂ ತಿಂಗಳು ತಿಂಗಳು ಕೊಡಿ. ಹೀಗೆ ಹೇಳಲು ನನಗೆ ಕಾರಣವಿದೆ.

ನಾನು ಹಾಸನ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು. ನನ್ನ ಅಕ್ಕನ ಇಬ್ಬರು ಗಂಡುಮಕ್ಕಳಿಗೂ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗದೆ, ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರಾಟದ ಸ್ನಾಯು ಮತ್ತು ಹೃದಯ ಸೋಲುತ್ತಾ ಬರುವ ಕಾಯಿಲೆ ಇದು. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 3,500ರಿಂದ 5,000ಕ್ಕೆ ಒಬ್ಬನಿಗೆ ಬರುತ್ತದೆ. ದೋಷವಿರುವ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಬಹಳಷ್ಟು ಮನೆಗಳಲ್ಲಿ ಅದು ತಾಯಿಯಿಂದ ಮಗನಿಗೆ ಇಳಿಯುತ್ತದೆ, ಸುಮಾರು ಮೂರನೇ ಒಂದು ಭಾಗದಲ್ಲಿ ಹೊಸದಾಗಿ ಕಾಣಿಸಿಕೊಳ್ಳುತ್ತದೆ.

ದೊಡ್ಡವನಿಗೆ ನಾಲ್ಕು ವರ್ಷವಿದ್ದಾಗ ನಮ್ಮ ಮನೆಯ ಗೃಹಪ್ರವೇಶವಾಯಿತು. ಪಂಕ್ತಿಯಲ್ಲಿ ಊಟ ಮುಗಿಸಿ ಎಲ್ಲರೂ ಎದ್ದರು, ಅವನು ಮಾತ್ರ ತಡವಾಗಿ ಎದ್ದ. ಮೊದಲು ಬೋರಲಾಗಿ ಅಂಗೈಗಳನ್ನು ನೆಲಕ್ಕೆ ಊರಿದ. ಸೊಂಟ ಎತ್ತಿದ. ಒಂದು ಕೈ ಮೊಣಕಾಲಿಗೆ ಬಂತು, ಇನ್ನೊಂದು ತೊಡೆಗೆ. ಹೀಗೆ ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದವನಂತೆ ನಿಂತ. ನಮ್ಮ ಅಮ್ಮ ನಕ್ಕು, "ಥೇಟ್ ಅವರಜ್ಜನ ಹಾಗೆ ಏಳುತ್ತಾನೆ" ಎಂದರು. ಅವನ ಮೀನಖಂಡಗಳು ಗರಡಿಯಾಳಿನಂತೆ ದಪ್ಪಗಿದ್ದವು. ಅದನ್ನು ಮುಟ್ಟಿ ಮುಟ್ಟಿ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಆ ಏಳುವ ರೀತಿಗೆ ಗೋವರ್ಸ್ ಚಿಹ್ನೆ ಎಂಬ ಹೆಸರಿದೆ, ಆ ದಪ್ಪ ಮೀನಖಂಡವೂ ಇದೇ ಕಾಯಿಲೆಯ ಗುರುತು ಎಂದು ಅಂದು ಆ ಚಪ್ಪರದಡಿ ಇದ್ದ ನೂರು ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಗೊತ್ತಾಗಲು ಮತ್ತೆ ಮೂರು ವರ್ಷ ಹಿಡಿಯಿತು. ಒಬ್ಬ ವೈದ್ಯರು ಪಾದ ಚಪ್ಪಟೆ ಎಂದು ಬೂಟು ಬರೆದರು. ಇನ್ನೊಬ್ಬರು ಕ್ಯಾಲ್ಸಿಯಂ ಟಾನಿಕ್ ಕೊಟ್ಟರು. ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿದ್ದನ್ನು ಕಂಡು ಮತ್ತೊಬ್ಬರು ಎಂಟು ತಿಂಗಳು ಯಕೃತ್ತಿಗೆ ಔಷಧಿ ಕೊಟ್ಟರು. ಸ್ನಾಯು ಕರಗುವಾಗಲೂ ಇವೇ ಕಿಣ್ವಗಳು ಏರುತ್ತವೆ, ಡುಶೆನ್ ಮಕ್ಕಳನ್ನು ಯಕೃತ್ತಿನ ರೋಗಿಗಳೆಂದು ತಿಳಿಯುವುದು ಎಲ್ಲ ಕಡೆಯೂ ಆಗುವ ತಪ್ಪು. ಕೊನೆಗೆ ಒಬ್ಬ ಹಿರಿಯ ವೈದ್ಯರು ಹುಡುಗನನ್ನು ನೆಲದ ಮೇಲೆ ಕೂರಿಸಿ "ಏಳು ಕಂದ" ಎಂದರು. ಅವನು ಎದ್ದು ನಿಲ್ಲುವಷ್ಟರಲ್ಲಿ ಚೀಟಿಯಲ್ಲಿ ಸಿಪಿಕೆ ಎಂದು ಬರೆದಿದ್ದರು. ಸ್ನಾಯು ಕರಗುವಾಗ ರಕ್ತದಲ್ಲಿ ಏರುವ ಕಿಣ್ವವೊಂದರ ಪರೀಕ್ಷೆ ಅದು. ಇನ್ನೂರರ ಆಸುಪಾಸಿನಲ್ಲಿರಬೇಕಾದದ್ದು 14 ಸಾವಿರ ದಾಟಿತ್ತು. ಆಮೇಲೆ ಬೆಂಗಳೂರು, ನಿಮ್ಹಾನ್ಸ್, ಜೀನ್ ಪರೀಕ್ಷೆ.

ಅಷ್ಟರಲ್ಲಿ ಚಿಕ್ಕವನು ಹುಟ್ಟಿ ಏಳು ತಿಂಗಳಾಗಿತ್ತು. ಅವನಿಗೂ ಇತ್ತು. ಅವನನ್ನು ನಾವು ಯಾರೂ ಎಂದೂ ಬೇಡವೆಂದವರಲ್ಲ. ಆದರೆ ಗೊತ್ತಿದ್ದು ನಿರ್ಧರಿಸುವ ಹಕ್ಕು ಅಕ್ಕನದಾಗಿತ್ತು, ಅದು ಅವಳ ಕೈತಪ್ಪಿತು. ಮೂರು ವರ್ಷದ ತಡ ಎಂದರೆ ಏನೆಂದು ನನಗೆ ಅರ್ಥವಾದದ್ದು ಆಗಲೇ.

ಇನ್ನೊಂದು ಮುಖವನ್ನೂ ಹೇಳಬೇಕು. ಪ್ರೆಡ್ನಿಸೊಲೋನ್, ಡೆಫ್ಲಜಾಕೋರ್ಟ್‌ನಂಥ ಸ್ಟೀರಾಯ್ಡ್‌ಗಳು ಈ ಕಾಯಿಲೆಯನ್ನು ಗುಣ ಮಾಡುವುದಿಲ್ಲ, ಆದರೆ ಸರಿಯಾದ ವಯಸ್ಸಿನಲ್ಲಿ ಶುರುವಾದರೆ ಮಗು ನಡೆಯುವ ಕಾಲವನ್ನು ಕೆಲವು ವರ್ಷ ಮುಂದಕ್ಕೆ ತಳ್ಳುತ್ತವೆ. ದೊಡ್ಡವನಿಗೆ ಏಳರ ವಯಸ್ಸಿನಲ್ಲಿ ಸಿಕ್ಕಿತು, ಹತ್ತಕ್ಕೆ ನಡಿಗೆ ನಿಂತಿತು. ಚಿಕ್ಕವನಿಗೆ ಐದಕ್ಕೇ ಸಿಕ್ಕಿತು. ಈಗ ಹತ್ತು ದಾಟಿದೆ, ಗೇಟಿನವರೆಗೆ ನಡೆದು ಬಂದು ನನ್ನ ಸ್ಕೂಟರಿನ ಹಾರನ್ ಒತ್ತುತ್ತಾನೆ. ಇಬ್ಬರ ಕಾಯಿಲೆಯೂ ಒಂದೇ. ಬೇಗ ಗೊತ್ತಾದದ್ದು ಅವನಿಗೆ ಎಷ್ಟರಮಟ್ಟಿಗೆ ನೆರವಾಯಿತೆಂದು ನಾನು ದಿನವೂ ಗೇಟಿನ ಬಳಿ ನೋಡುತ್ತೇನೆ.

ಈಗ ನಿಮ್ಮ 30 ಸಾವಿರಕ್ಕೆ ಬರುತ್ತೇನೆ. ತಿಂಗಳಿಗೆ 2,500 ಆಯಿತು. ಸಿಪಿಕೆ ಪರೀಕ್ಷೆಗೆ ನಮ್ಮ ಪೇಟೆಯಲ್ಲಿ ಸುಮಾರು 500 ರೂಪಾಯಿ, ಅಂದರೆ ತಿಂಗಳಿಗೆ ಐದು ಮಕ್ಕಳ ಅನುಮಾನ ಬಗೆಹರಿಯುತ್ತದೆ. ಆ ಐವರು ಯಾರೆಂದು ಗುರುತಿಸಬೇಕಾದವರು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಒಂದನೇ ತರಗತಿಯ ಮೇಷ್ಟರು. ನಮ್ಮದು ಡುಶೆನ್ ಮಕ್ಕಳ ತಂದೆತಾಯಿಯರ ಸಣ್ಣ ಗುಂಪು. ನಾನು ಅದರ ಲೆಕ್ಕವನ್ನೂ ಸಂಬಳವಿಲ್ಲದೆ ನೋಡಿಕೊಳ್ಳುತ್ತೇನೆ, ಹೆಸರು ಹೇಳಿದರೆ ಇದು ಚಂದಾ ಎತ್ತುವ ಮಾತಾದೀತೆಂದು ಹೇಳುತ್ತಿಲ್ಲ. ನಾವು ಒಂದು ಹಾಳೆಯಲ್ಲಿ ನಾಲ್ಕೇ ಚಿತ್ರ ಅಚ್ಚು ಹಾಕಿಸಿದ್ದೇವೆ: ತೊಡೆಗೆ ಕೈ ಊರಿ ಏಳುವ ಹುಡುಗ, ತುದಿಗಾಲಲ್ಲಿ ನಡೆಯುವ ಹುಡುಗ, ದಪ್ಪ ಮೀನಖಂಡ, ಕಂಬಿ ಹಿಡಿದು ಮೆಟ್ಟಿಲು ಹತ್ತುವ ಹುಡುಗ. ಕೆಳಗೆ ಒಂದು ಸಾಲು: "ಇವನು ಸೋಮಾರಿಯಲ್ಲ, ರಕ್ತಪರೀಕ್ಷೆ ಮಾಡಿಸಿ." ಅಂಗನವಾಡಿಯವರ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಬಿಟ್ಟುಕೊಟ್ಟರೆ ಸಾಕು, ಅವರಿಗೆ ಬಹಳ ವಿವರಿಸಬೇಕಾಗಿಲ್ಲ. ಮಕ್ಕಳನ್ನು ದಿನವೂ ನೆಲದಿಂದ ಎಬ್ಬಿಸುವವರು ಅವರೇ.

ಇಂಥ ಕೆಲಸಕ್ಕೆ ಹಣ ಕೊಡುವವರು ಕಡಿಮೆ. ಅಳುವ ಮಗುವಿನ ಫೋಟೋ ಇದ್ದರೆ ಲಕ್ಷಗಳು ಬರುತ್ತವೆ, ಹಾಳೆ ಅಚ್ಚು ಹಾಕಿಸಲು ಯಾರೂ ಕೊಡುವುದಿಲ್ಲ. ಆ ಮನವಿಗಳನ್ನು ನಾನು ಹಳಿಯುವುದಿಲ್ಲ. ನೀವು ಹೇಳಿದ 16 ಕೋಟಿಯ ಮದ್ದು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಬೇರೆ ಕಾಯಿಲೆಯದು, ಮನವಿ ಮಾಡುವ ಆ ತಾಯಿ ತನ್ನ ಮಗುವಿಗಾಗಿ ಬೇರೆ ಏನು ತಾನೆ ಮಾಡಿಯಾಳು? ಆದರೆ ಗುರಿ ಮುಟ್ಟದಿದ್ದರೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೊಡುವ ಮೊದಲೇ ಕೇಳಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ, 2022ರ ತಿದ್ದುಪಡಿಯ ನಂತರ, ಕೇಂದ್ರ ಸರ್ಕಾರ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವು ಸಿಗಬಹುದು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಅಂಥ ಒಂದು ಕೇಂದ್ರವಾಗಿವೆ. ಕೋಟಿಗಟ್ಟಲೆ ಬೇಕಾದಲ್ಲಿ ಅದೂ ಸಾಲದು, ನಿಜ. ಆ ಅಂತರವನ್ನು ತುಂಬಬೇಕಾದದ್ದು ಸರ್ಕಾರ. ಅದಕ್ಕಾಗಿ ಅರ್ಜಿ ಬರೆಯುವ, ನ್ಯಾಯಾಲಯಕ್ಕೆ ಅಲೆಯುವ ಕೆಲಸವನ್ನೂ ಸಂಸ್ಥೆಗಳೇ ಮಾಡುತ್ತಿವೆ. ಅದಕ್ಕೆ ಕೊಟ್ಟ ಹಣವೂ ಚಿಕಿತ್ಸೆಗೇ ಕೊಟ್ಟಂತೆ ಎಂಬುದು ನನ್ನ ಲೆಕ್ಕ.

ಸಂಶೋಧನೆಯ ವಿಷಯದಲ್ಲಿ ನಿಮಗೆ ಅಂಜಿಕೆ ಬೇಡ. ಡುಶೆನ್ ಕಾಯಿಲೆಯ ಜೀನನ್ನು 1986ರಲ್ಲಿ ಅಮೆರಿಕದ ಲೂಯಿ ಕುಂಕೆಲ್ ಅವರ ತಂಡ ಪತ್ತೆ ಮಾಡಿದಾಗ ಅವರ ಬೆನ್ನಿಗಿದ್ದದ್ದು ಮಸ್ಕ್ಯುಲರ್ ಡಿಸ್ಟ್ರೋಫಿ ಅಸೋಸಿಯೇಷನ್, ಅಂದರೆ ಸಾಮಾನ್ಯ ಜನರ ದಾನ. ಫ್ರಾನ್ಸಿನಲ್ಲಿ ಇಂಥ ಮಕ್ಕಳ ತಂದೆತಾಯಿಯರ ಸಂಘ 1987ರಲ್ಲಿ ದೂರದರ್ಶನದ ಮೂಲಕ ಟೆಲಿಥಾನ್ ಎಂಬ ದಾನಸಂಗ್ರಹ ಆರಂಭಿಸಿ, ಆ ಹಣದಿಂದ 1990ರಲ್ಲಿ ಜೆನೆಥಾನ್ ಎಂಬ ಪ್ರಯೋಗಾಲಯವನ್ನೇ ಕಟ್ಟಿತು. ನಮ್ಮ ಬೆಂಗಳೂರಿನಲ್ಲೂ ಡಿಸ್ಟ್ರೋಫಿ ಅನಿಹಿಲೇಷನ್ ರಿಸರ್ಚ್ ಟ್ರಸ್ಟ್ ಎಂಬುದನ್ನು ಕಟ್ಟಿದವರು ತಂದೆತಾಯಿಯರೇ.

ಇಲ್ಲಿಯೂ ಲೆಕ್ಕ ಹಾಕಿ ನೋಡೋಣ. ಪಿಎಚ್.ಡಿ. ಮಾಡುವ ಕಿರಿಯ ಸಂಶೋಧಕರಿಗೆ 2023ರಿಂದ ತಿಂಗಳ ಫೆಲೋಶಿಪ್ 37 ಸಾವಿರ, ವರ್ಷಕ್ಕೆ 4 ಲಕ್ಷ 44 ಸಾವಿರ. ನಿಮ್ಮಂಥ 15 ಮಂದಿ ಸೇರಿದರೆ ಒಬ್ಬ ಹುಡುಗಿ ಒಂದು ವರ್ಷ ಈ ಕಾಯಿಲೆಯ ಮೇಲೆಯೇ ಕೆಲಸ ಮಾಡಬಲ್ಲಳು. ಅದೂ ಆಗದಿದ್ದರೆ ರೋಗಿಗಳ ನೋಂದಣಿ ಪಟ್ಟಿಗೆ ಕೊಡಿ. ಯಾವ ಜೀನ್ ದೋಷದ ಮಗು ಯಾವ ವಯಸ್ಸಿಗೆ ನಡಿಗೆ ನಿಲ್ಲಿಸಿತು ಎಂಬ ದಾಖಲೆ ಇಲ್ಲದೆ ನಾಳೆ ಹೊಸ ಔಷಧಿ ಬಂದರೆ ಅದು ಕೆಲಸ ಮಾಡಿತೋ ಇಲ್ಲವೋ ಅಳೆಯುವುದು ಯಾವುದರಿಂದ?

ಒಂದು ಎಚ್ಚರಿಕೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಶ್ವಾಸಕೋಶವನ್ನು ಕೆಡಿಸುವ ವಂಶಪಾರಂಪರ್ಯ ಕಾಯಿಲೆ. ಅದರ ವಿರುದ್ಧ ದುಡಿಯುವ ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಷನ್ ದಾನದ ಹಣವನ್ನು ಒಂದು ಔಷಧಿ ಕಂಪನಿಯ ಸಂಶೋಧನೆಗೆ ಹಾಕಿತು. 2012ರಲ್ಲಿ ಔಷಧಿ ಬಂತು, 2014ರಲ್ಲಿ ಫೌಂಡೇಷನ್ ತನ್ನ ರಾಯಧನದ ಹಕ್ಕನ್ನು 330 ಕೋಟಿ ಡಾಲರಿಗೆ ಮಾರಿತು. ಆ ಹಣ ಮತ್ತೆ ಸಂಶೋಧನೆಗೆ ದಾರಿಯಾಯಿತು, ದೊಡ್ಡ ಗೆಲುವು ಅದು. ಆದರೆ ಔಷಧಿಯ ಬೆಲೆ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಇತ್ತು. ಆದ್ದರಿಂದ ಸಂಶೋಧನೆಗೆ ಕೊಡುವಾಗ ಕೇಳಿ: ಫಲ ಸಿಕ್ಕರೆ ಬೆಲೆ ಯಾರು ನಿಗದಿ ಮಾಡುತ್ತಾರೆ, ನಮ್ಮ ಮಕ್ಕಳ ಕೈಗೆ ಅದು ಎಟಕುವಂತೆ ಒಪ್ಪಂದದಲ್ಲಿ ಏನು ಬರೆದಿದ್ದೀರಿ? ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳುವ ಸಂಸ್ಥೆಗೇ ನನ್ನ ಮೆಚ್ಚುಗೆ.

ಟ್ರಸ್ಟ್ ಕಟ್ಟಲು ಬಲ್ಲ ತಂದೆತಾಯಿಯರಿಲ್ಲದ ಕಾಯಿಲೆಗಳೂ ಇವೆ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರನ್ನೇ ಹೊತ್ತ ಕಾಯಿಲೆಯನ್ನು ನೆನೆಸಿಕೊಳ್ಳಿ. 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಮುರುಟಿಸುವ ಈ ವಂಶಪಾರಂಪರ್ಯ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಂಡದ್ದು ಕೂಲಿ ಮಾಡಿ ಬದುಕುವ ದಲಿತ ಕುಟುಂಬಗಳಲ್ಲಿ. ಅಧ್ಯಯನಗಳು ನಡೆದಿವೆ. ಆದರೂ ಅಪರೂಪದ ಕಾಯಿಲೆಯ ದಿನವೆಂದು ಫೆಬ್ರುವರಿ ಕೊನೆಗೆ ನಗರಗಳಲ್ಲಿ ಓಟ ನಡೆಯುವಾಗ ಹಂದಿಗೋಡಿನ ಹೆಸರು ನನಗೆ ಕೇಳಿಸಿಲ್ಲ. ಒಂದೇ ಕಾಯಿಲೆಗೆ ಅಂಟಿಕೊಳ್ಳದೆ ಎಲ್ಲ ಅಪರೂಪದ ಕಾಯಿಲೆಗಳ ಪರ ಕೆಲಸ ಮಾಡುವ ಬೆಂಗಳೂರಿನ ಆರ್ಗನೈಜೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾದಂಥ ಸಂಸ್ಥೆಗಳಿಗೆ ನೀವು ಕೊಡುವುದಾದರೆ, ಇಂಥವರ ಬಗ್ಗೆಯೂ ಕೇಳಿ ವಿಚಾರಿಸಿ.

ಯಾವ ಸಂಸ್ಥೆಯಾದರೂ ಮೂರು ವರ್ಷದ ಲೆಕ್ಕಪರಿಶೋಧಿತ ಆಯವ್ಯಯ ತೋರಿಸಲು ಹಿಂಜರಿದರೆ ಅಲ್ಲಿಗೆ ಬಿಡಿ. ಸಿಬ್ಬಂದಿಗೆ ಸಂಬಳ ಕೊಡುತ್ತಾರೆಂದು ಮಾತ್ರ ಬಿಡಬೇಡಿ. ಮನೆಮನೆಗೆ ಹೋಗುವ ಫಿಸಿಯೋಥೆರಪಿಸ್ಟ್‌ಗೂ ಹೊಟ್ಟೆಯಿದೆ. ಎರಡು ಸಾವಿರ ಮೀರಿ ನಗದಾಗಿ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕಿನ ಮೂಲಕವೇ ಕಳುಹಿಸಿ. ತಮ್ಮನ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ತೊಂದರೆಯಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ ಅವರ ಹಣ ವಿದೇಶಿ ದೇಣಿಗೆಯಾಗುತ್ತದೆ, ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು. ನಿಮ್ಮ ಖಾತೆಗೆ ಹಾಕಿಸಿಕೊಂಡು ದಾಟಿಸುವ ಉಪಾಯ ಬೇಡ, ಸಿಕ್ಕಿಬೀಳುವುದು ಸಂಸ್ಥೆ.

ಹಣವಲ್ಲದೆ ಏನು ಎಂದಿರಿ. ಮಸ್ಕ್ಯುಲರ್ ಡಿಸ್ಟ್ರೋಫಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಆದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ತುಂಬಲಾಗದೆ ಕುಳಿತ ಮನೆಗಳಿವೆ. ಒಂದು ಮನೆಯ ಅರ್ಜಿ ತುಂಬಿಕೊಡಿ. ಕಾರಿದ್ದರೆ ಆಸ್ಪತ್ರೆಯ ದಿನ ಒಂದು ಮಗುವನ್ನು ಬೆಂಗಳೂರಿಗೆ ಕರೆದೊಯ್ಯಿರಿ. ನಲವತ್ತು ಕಿಲೋ ತೂಕದ ಮಗನನ್ನು ಹೊತ್ತು ಬಸ್ಸಿನ ಮೆಟ್ಟಿಲು ಹತ್ತುವ ನಮ್ಮ ಭಾವನ ಬೆನ್ನನ್ನು ನಾನು ಕಂಡಿದ್ದೇನೆ.

ಕೊನೆಯದಾಗಿ, ಮಾರ್ಚ್ 31ರವರೆಗೆ ಕಾಯಬೇಡಿ. ನಮ್ಮ ಗುಂಪಿಗೆ ವರ್ಷದ ಹಣದ ಬಹುಪಾಲು ಮಾರ್ಚ್ ತಿಂಗಳಿನಲ್ಲೇ ಬರುತ್ತದೆ. ಮಕ್ಕಳ ಕಾಲಿಗೆ ರಾತ್ರಿ ಕಟ್ಟುವ ಸ್ಪ್ಲಿಂಟ್ ಚಿಕ್ಕದಾಯಿತೆಂದು ಫೋನ್ ಬರುವುದು ಜೂನ್‌ನಲ್ಲಿ, ಶಾಲೆ ಶುರುವಾಗುವಾಗ. ಉಸಿರಾಟದ ಯಂತ್ರ ಕೆಟ್ಟಿತೆಂಬ ಫೋನಿಗೆ ತಿಂಗಳೆಂಬುದೇ ಇಲ್ಲ. ಪ್ರತಿ ತಿಂಗಳ ಐದನೇ ತಾರೀಖಿಗೆ 2,500 ಬರುತ್ತದೆ ಎಂದು ನಂಬಿಕೆಯಿದ್ದರೆ, "ನಾಳೆಯೇ ಅಳತೆ ಕೊಡಿಸಿ" ಎಂದು ನಾನು ಆ ತಾಯಿಗೆ ಧೈರ್ಯವಾಗಿ ಹೇಳಬಲ್ಲೆ.