ಪ್ರತಿಕ್ರಿಯೆ: ಜೋಗೇಂದ್ರನಾಥ ಸೇನ್ ಹೆಸರು ಭಾರತೀಯ ಸೇನೆಯ ದಾಖಲೆಯಲ್ಲಿ ಏಕಿಲ್ಲ?

ನೀವು ಹುಡುಕುತ್ತಿರುವ ಕಡೆಯೇ ತಪ್ಪು. ಬಂಗಾಳದ ಚಂದನನಗರದ ಸೇನ್ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದವರು. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಸೇರಿದ್ದು ಬ್ರಿಟಿಷ್ ಸೇನೆಯ ವೆಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ 15ನೇ ಬೆಟಾಲಿಯನ್ ಅನ್ನು, ಅಂದರೆ ಒಂದೇ ಊರಿನ ಗೆಳೆಯರು ಒಟ್ಟಾಗಿ ಸೇರಿದ 'ಲೀಡ್ಸ್ ಪಾಲ್ಸ್' ದಂಡನ್ನು. ಅಷ್ಟು ಓದಿದ್ದರೂ ಕೊನೆಯವರೆಗೆ ಸಾಮಾನ್ಯ ಸಿಪಾಯಿಯೇ! 1916ರ ಮೇನಲ್ಲಿ ಫ್ರಾನ್ಸಿನ ಸೋಮ್ ರಣರಂಗದಲ್ಲಿ ಮಡಿದರು; ಸಮಾಧಿ ಕೋಲಿನ್‌ಕ್ಯಾಂಪ್ಸ್ ಬಳಿಯ ಸುಕ್ರೆರಿ ಸೈನಿಕ ಸ್ಮಶಾನದಲ್ಲಿದೆ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಅವರನ್ನು ಹುಡುಕುವಾಗ ಪೂರ್ಣ ಹೆಸರು ಹಾಕಬೇಡಿ, ಕಾಗುಣಿತ ಕೈಕೊಡುತ್ತದೆ. 'ಸೇನ್' ಎಂದಷ್ಟೇ ಕೊಟ್ಟು ರೆಜಿಮೆಂಟ್ ಆರಿಸಿ. ಸೇವಾ ಕಡತ ಸಿಗದಿದ್ದರೆ ಅಚ್ಚರಿಯಿಲ್ಲ: ಸಿಪಾಯಿಗಳ ಬಹುಪಾಲು ಕಡತಗಳು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿವೆ. ಆಗ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಬೆಟಾಲಿಯನ್ನಿನ ಯುದ್ಧ ದಿನಚರಿ ನೋಡಿ, ಸರಣಿ ಡಬ್ಲ್ಯೂಓ 95. ಪದಕದ ಕಾರ್ಡುಗಳು ಡಬ್ಲ್ಯೂಓ 372ರಲ್ಲಿವೆ.