ಲಾರಿ ಹಾರ್ನ್ ಕೇಳಿದ ತಕ್ಷಣ ಕೈ ಸೆಟೆದುಕೊಳ್ಳುವುದಕ್ಕೆ

ಬೈಕ್ ಓಡಿಸುವಾಗ ಲಾರಿ ಹಾರ್ನ್ ಕೇಳಿದರೆ ಕೈ ಸೆಟೆದುಕೊಳ್ಳುತ್ತದೆ, ಇದು ಹೇಡಿತನವೇ ಅಂತ ಕೇಳಿದ್ದೀರಿ. ಇದು ಹೇಡಿತನ ಅಲ್ಲ. ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯಲ್ಲಿ ಲಾರಿ ನಿಮ್ಮ ಬೈಕನ್ನು ಸವರಿಕೊಂಡು ಹೋಯಿತು ಅಂದಿರಲ್ಲ, ಅವತ್ತೇ ಮೆದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲಾ ಅನ್ನೋ ಭಾಗ ಹಾರ್ನಿಗೂ ಅಪಾಯಕ್ಕೂ ಗಂಟು ಹಾಕಿಕೊಂಡಿರಬೇಕು. ಈಗ ನೀವು ಯೋಚಿಸುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಕೈ ಸೆಟೆಯುತ್ತದೆ. ಓಡುವುದು, ಎದುರಿಸುವುದು ಇದ್ದ ಹಾಗೆ ಅಲುಗದೆ ನಿಲ್ಲುವುದೂ ಜೀವ ಉಳಿಸುವ ದಾರಿಯೇ. ಭರಮಸಾಗರದ ಹತ್ತಿರ ನನಗೂ ಹೀಗಾಗಿತ್ತು, ಬ್ರೇಕ್ ಮೇಲಿನ ಎರಡು ಬೆರಳು ಬಿಡಿಸಲೇ ಆಗಲಿಲ್ಲ.

ಸದ್ಯಕ್ಕೆ ಹೆದ್ದಾರಿಗೆ ಬೈಕ್ ತರಬೇಡಿ. ಮೊದಲು ರಸ್ತೆಯಿಂದ ದೂರ, ಒಂದು ಟೀ ಅಂಗಡಿಯಲ್ಲಿ ಕೂತು ಹಾರ್ನ್ ಕೇಳಿಸಿಕೊಳ್ಳಿ. ಎದೆ ಹೊಡೆದುಕೊಂಡರೆ ಎದ್ದು ಹೋಗಬೇಡಿ, ಉಸಿರು ಎಳೆದದ್ದಕ್ಕಿಂತ ಜಾಸ್ತಿ ಹೊತ್ತು ನಿಧಾನ ಬಿಡಿ. ಬಡಿತ ಇಳಿಯುವವರೆಗೂ ಅಲ್ಲೇ ಇರಿ, ಇದೇ ಮುಖ್ಯ. ಅರ್ಧಕ್ಕೇ ಎದ್ದರೆ ಭಯ ಇನ್ನೂ ಗಟ್ಟಿಯಾಗುತ್ತದೆ. ಅದು ಸಲೀಸಾದ ಮೇಲೆ ಸ್ನೇಹಿತರ ಹಿಂದೆ ಕೂತು ಸರ್ವಿಸ್ ರಸ್ತೆ, ಆಮೇಲೆ ನೀವೇ ಓಡಿಸಿ, ಬೆಳಗ್ಗೆ ಬೇಗ. ಎಷ್ಟು ದಿನ ಹಿಡಿಯುತ್ತದೆ ಅಂತ ಹೇಳಲಾಗದು, ಒಬ್ಬೊಬ್ಬರಿಗೆ ಒಂದೊಂದು ಥರ.

ತಿಂಗಳು ಕಳೆದರೂ ಕೆಟ್ಟ ಕನಸು ಬರುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ ಸುಮ್ನೆ ಸಹಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.