ಇರುಳಿನ ಬಯಲಾಟಕ್ಕೆ ಯಾವ ಕ್ಯಾಮೆರಾ?

ಪ್ರಶ್ನೆ: ಯಕ್ಷಗಾನ ಬಯಲಾಟದ ಬಗ್ಗೆ ಸಿನಿಮಾದಂತೆ ಕಾಣುವ ಸಾಕ್ಷ್ಯಚಿತ್ರ ಮಾಡುವ ಆಸೆಯಿದೆ. ಪ್ಯಾನಸೋನಿಕ್ ಲ್ಯುಮಿಕ್ಸ್ ಎಸ್5 ಮಾರ್ಕ್ 2 ಮತ್ತು ಸೋನಿ ಎಫ್‌ಎಕ್ಸ್30, ಇವುಗಳಲ್ಲಿ ಯಾವುದನ್ನು ಕೊಳ್ಳಲಿ?
– ಓದುಗರು, ಶಿರಸಿ

ಉತ್ತರ: ಎರಡೂ 10 ಬಿಟ್ 4:2:2 ಲಾಗ್ ವಿಡಿಯೊ (ಆಮೇಲೆ ತಿದ್ದಲೆಂದು ಬಣ್ಣ, ಬೆಳಕಿನ ವಿವರಗಳನ್ನು ಹೆಚ್ಚಾಗಿ ಉಳಿಸಿಕೊಳ್ಳುವ ವಿಡಿಯೊ) ದಾಖಲಿಸುವುದರಿಂದ, ಬಣ್ಣ ತಿದ್ದುವಾಗ ಸಿಗುವ ಅವಕಾಶದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ, ಒಳಗೇ ಫ್ಯಾನ್ ಇರುವುದರಿಂದ ಬಹಳ ಹೊತ್ತು ಚಿತ್ರೀಕರಿಸುವಾಗ ಬಿಸಿಯಾಗಿ ನಿಂತುಬಿಡುವ ಭಯವೂ ಎರಡರಲ್ಲೂ ಕಡಿಮೆ.

ನಿಜವಾದ ವ್ಯತ್ಯಾಸವಿರುವುದು ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರಿನಲ್ಲಿ. 2023ರಲ್ಲಿ ಬಂದ ಪ್ಯಾನಸೋನಿಕ್‌ನದು ದೊಡ್ಡದಾದ ಫುಲ್ ಫ್ರೇಮ್, ಲಾಗ್‌ನಲ್ಲಿ ಅದರ ಎರಡನೆಯ ಮೂಲ ಐಎಸ್‌ಒ (ಮಂದ ಬೆಳಕಿಗೆಂದು ಇರುವ ಸೂಕ್ಷ್ಮತೆಯ ಮಟ್ಟ) 4000. 2022ರ ಎಫ್‌ಎಕ್ಸ್30ರದು ಚಿಕ್ಕದಾದ ಎಪಿಎಸ್-ಸಿ, ಅಲ್ಲಿ ಆ ಸಂಖ್ಯೆ 2500. ಚೌಕಿಯ ಮಂದ ಬೆಳಕಿನಲ್ಲಿ ವೇಷಧಾರಿ ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವ ದೃಶ್ಯವನ್ನು ಸೆರೆಹಿಡಿಯುವಾಗ, ನೆರಳಿನ ಭಾಗ ಕಾಳುಕಾಳಾಗದಂತೆ ಉಳಿಸಿಕೊಳ್ಳಲು ಪ್ಯಾನಸೋನಿಕ್ ಹೆಚ್ಚು ನೆರವಾಗುತ್ತದೆ. ಆದರೆ ವೇಷಧಾರಿ ಗಿರಗಿರನೆ ಸುತ್ತಿ ಹಾರುವ ಧೀಂಗಿಣವನ್ನು ನಿಧಾನಗತಿಯಲ್ಲಿ ತೋರಿಸಬೇಕೆಂದರೆ ಸೋನಿಯೇ ಮುಂದು: ಅದು 4ಕೆಯಲ್ಲಿ ಸೆಕೆಂಡಿಗೆ 120 ಫ್ರೇಮ್ ಕೊಡುತ್ತದೆ; ಪ್ಯಾನಸೋನಿಕ್ 60ಕ್ಕೇ ನಿಲ್ಲುತ್ತದೆ, ಅದೂ ಸೆನ್ಸರಿನ ನಡುಭಾಗವನ್ನಷ್ಟೇ ಬಳಸಿ. ಎಫ್‌ಎಕ್ಸ್30ಕ್ಕೆ ವ್ಯೂಫೈಂಡರ್ ಇಲ್ಲ. ರಾತ್ರಿಯಾಟಕ್ಕೆ ಅದು ದೊಡ್ಡ ಕೊರತೆಯೇನಲ್ಲ.

ನಿಮ್ಮ ಕೆಲಸಕ್ಕೆ ಪ್ಯಾನಸೋನಿಕ್ ಮೇಲೆಂಬುದು ನನ್ನ ಅಭಿಪ್ರಾಯ. ಯಾವುದನ್ನೇ ಕೊಂಡರೂ 25 ಫ್ರೇಮ್‌ನಲ್ಲಿ ಚಿತ್ರೀಕರಿಸಿ, ಶಟರ್ ವೇಗವನ್ನು 1/50ಕ್ಕೆ ಇಟ್ಟುಕೊಳ್ಳಿ; ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ರಂಗಸ್ಥಳದ ಟ್ಯೂಬ್‌ಲೈಟುಗಳು ಮಿಣುಕುವುದು ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.